ರೆಸಿಪಿಯೆಂಟ್ ದೊಡ್ಡಮ್ಮ

ಘಟನೆಗಳ ಕ್ರಮ ಹೀಗಿದೆ. ಬೇಸಿಗೆ ಮುಗಿಯುವ ಹೊತ್ತಿಗೆ ದೊಡ್ಡಮ್ಮನ ಎರಡೂ ಕಿಡ್ನಿಗಳು ಕೈಕೊಟ್ಟವೆಂದು ತಿಳಿಯಿತು. ಮಳೆಗಾಲವಿಡೀ ಆಕೆ ಡಯಾಲಿಸಿಸ್ ಯಂತ್ರದ ಪಕ್ಕದ ಮಂಚದಲ್ಲಿ ದಿನ ತಳ್ಳಿದಳು. ಗಾಳಿ ತಂಪಾಗತೊಡಗಿದಾಗ ಅಮ್ಮ ತನ್ನ ಒಂದು ಕಿಡ್ನಿಯನ್ನು ಅಕ್ಕನಿಗೆ ಕೊಡುತ್ತೇನೆಂದಳು, ದೊಡ್ಡಮ್ಮ ಬೇಡವೆಂದಳು. ಆಸ್ಪತ್ರೆಯ ನಿಯಮದ ಪ್ರಕಾರ ಮೊದಲು ರಕ್ತದ ಗುಂಪು ನೋಡಬೇಕು, ಬಳಿಕ ಅಂಗಾಂಶದ ಹೊಂದಾಣಿಕೆ, ಕೊನೆಗೆ ಒಪ್ಪಿಗೆಯ ಸಮಿತಿ. ಮೊದಲಿನ ಎರಡು ಹಂತಗಳಿಗೆ ಬೇಕಾದದ್ದು ತೋಳಿನಿಂದ ಒಂದಿಷ್ಟು ರಕ್ತ ಮಾತ್ರ. ಡಯಾಲಿಸಿಸ್ಸಿಗೆಂದು ಹೋದಾಗಲೆಲ್ಲ ದೊಡ್ಡಮ್ಮನಿಂದ ರಕ್ತ ತೆಗೆಯುತ್ತಲೇ ಇದ್ದುದರಿಂದ, ಆಕೆಯ ‘ಬೇಡ’ವನ್ನು ಲೆಕ್ಕಿಸದೆ ಅವೆರಡೂ ಮುಗಿದುಹೋದವು. ಮೂರನೆಯ ಹಂತದಲ್ಲಿ ಮಾತ್ರ ಆಕೆಯ ಬಾಯಿಂದಲೇ ಉತ್ತರ ಬರಬೇಕಿತ್ತು.

ನಾನು ಕೆಲಸ ಮಾಡುವುದು ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ. ಒಬ್ಬರ ಅಂಗ ಇನ್ನೊಬ್ಬರ ದೇಹಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸುವ ವಿಭಾಗದಲ್ಲಿ. ಸ್ವಂತ ಮನೆಯವರ ಮಾದರಿಗಳನ್ನು ನಾವು ಮುಟ್ಟುವಂತಿಲ್ಲ. ಆದ್ದರಿಂದ ಆ ಪರೀಕ್ಷೆಯನ್ನು ನನ್ನ ಹಿರಿಯ ಸಹೋದ್ಯೋಗಿ ಮಾಡಿದರು. ಫಲಿತಾಂಶ ಬಂದ ದಿನ ಅವರು ಕೈಗವಸು ಕಳಚುತ್ತ ನನ್ನ ಮೇಜಿನ ಬಳಿ ಬಂದು, “ನಿಮ್ಮಮ್ಮ, ನಿಮ್ಮ ದೊಡ್ಡಮ್ಮ ಇಬ್ಬರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದೆಯಲ್ಲೇ! ಇಷ್ಟು ಚೆನ್ನಾಗಿ ಹೊಂದೋದನ್ನ ನಾನು ನೋಡಿದ್ದೇ ಅಪರೂಪ” ಎಂದರು. ವರದಿಯನ್ನು ಮಡಿಸದೆ, ಎರಡು ರಟ್ಟುಗಳ ನಡುವೆ ಇಟ್ಟುಕೊಂಡು ಮನೆಗೆ ಒಯ್ದೆ.

ಮನೆಯಲ್ಲಿ ನನ್ನನ್ನು ‘ಸ್ಕೇಲು’ ಎಂದು ಕರೆಯುತ್ತಾರೆ. ಟವೆಲ್ಲುಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚುತ್ತೇನೆಂಬ ಕಾರಣಕ್ಕೆ ದೊಡ್ಡಮ್ಮ ಇಟ್ಟ ಹೆಸರು. ನಾವು ನಾಲ್ವರು ಒಂದೇ ಮನೆಯಲ್ಲಿದ್ದೇವೆ: ಪಾರ್ಸೆಲ್ ಕಚೇರಿಯ ಡೆಲಿವರಿ ಕೌಂಟರಿನಿಂದ ನಿವೃತ್ತಳಾದ ದೊಡ್ಡಮ್ಮ, ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿರುವ ಅಮ್ಮ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ಅಪ್ಪ ಮತ್ತು ನಾನು.

ಅಂದು ಊಟಕ್ಕೆ ಕುಳಿತಾಗ ವರದಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು, “ಎಲ್ಲ ಹೊಂದುತ್ತೆ. ಇನ್ನು ಮೇಲೆ ಅಮ್ಮ ಡೋನರ್, ನೀನು ರೆಸಿಪಿಯೆಂಟ್” ಎಂದೆ.

“ನಾನು ಏನು?” ದೊಡ್ಡಮ್ಮ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು.

“ರೆಸಿಪಿಯೆಂಟ್. ಪಡೆಯೋರು ಅಂತ.”

“ನಮ್ಮ ಕೌಂಟರಿನಲ್ಲಿ ಅಂಥೋರಿಗೆ ಕನ್ಸೈನೀ ಅಂತಿದ್ವಿ. ಸರಕು ಯಾರ ಹೆಸರಿಗೆ ಬಂದಿದೆಯೋ ಅವರು. ಬಂದು ಕೈ ಚಾಚ್ತಿದ್ರು. ಕಣ್ಣೆಲ್ಲ ಡಬ್ಬದ ಮೇಲೆ. ಕೊಡೋಳ ಮುಖ ಹೇಗಿದೆ ಅಂತ ಒಬ್ಬರೂ ನೋಡಿದವರಲ್ಲ.”

“ಬ್ಯಾಂಕಿನಲ್ಲಿ ಪೇಯೀ, ಅತ್ತಿಗೆ,” ಅಪ್ಪ ಮಾತಿನ ಬಿಸಿ ಇಳಿಸಲು ನೋಡಿದರು. “ಚೆಕ್ಕು ಯಾರ ಹೆಸರಿಗೆ ಬರೆದಿದೆಯೋ ಅವರು.”

“ಅಂಚೆಯವರು ಅಡ್ರೆಸ್ಸೀ ಅಂತಾರೆ,” ಎಂದೆ ನಾನು.

“ವಕೀಲರ ಆಫೀಸಿನದ್ದು ಮಾತ್ರ ಕೇಳ್ಬೇಡಿ,” ಎಂದಳು ಅಮ್ಮ. “ಬೆನಿಫಿಶಿಯರಿ ಒಬ್ಬರು, ಗ್ರಾಂಟೀ ಒಬ್ಬರು, ದಾನಪತ್ರವಾದರೆ ಡೋನೀ. ಸತ್ತೋರ ಉಯಿಲಿನಿಂದ ಏನಾದ್ರೂ ಬಂದ್ರೆ ಲೆಗಟೀ. ದಿನಕ್ಕೊಂದು ಟೈಪ್ ಮಾಡ್ತೀನಿ.”

ದೊಡ್ಡಮ್ಮ ಒಬ್ಬೊಬ್ಬರ ಮುಖವನ್ನೇ ನೋಡಿ, ಎಡಗೈಯಿಂದ ಹಣೆ ಚಚ್ಚಿಕೊಂಡಳು. “ಇಷ್ಟೊಂದು ಪದ ಮಾಡ್ಕೊಂಡಿದ್ದಾರೆ ಅಂದ್ರೆ ಈ ಇಂಗ್ಲಿಷಿನೋರು ಎಷ್ಟು ಈಸ್ಕೊಂಡಿರ್ಬೇಕು! ಅದೂ ಎಲ್ಲದರ ಬಾಲದಲ್ಲೂ ಒಂದೊಂದು ‘ಈ’. ಪೇಯೀ, ಡೋನೀ, ಲೆಗಟೀ. ಈಸ್ಕೊಳ್ಳೋಕೂ ಹಲ್ಲು ಗಿಂಜಬೇಕು, ಹೇಳೋಕೂ ಹಲ್ಲು ಗಿಂಜಬೇಕು.”

ಅಪ್ಪ ಚಮಚದ ಬೆನ್ನನ್ನು ಕನ್ನಡಿಯಂತೆ ಹಿಡಿದು ‘ಪೇಯೀ’ ಎಂದು ಹೇಳಿ ನೋಡಿದರು. ಹಲ್ಲು ಕಾಣಿಸಿತು. ಮೊದಲು ನಕ್ಕವಳು ದೊಡ್ಡಮ್ಮನೇ. ನಗು ಮುಗಿಸಿ, ವರದಿಯನ್ನು ಬೆರಳ ತುದಿಯಿಂದ ಅಮ್ಮನ ಕಡೆ ಸರಿಸಿದಳು.

“ಕನ್ಸೈನೀ ರೆಫ್ಯೂಸ್ಡ್. ಸರಕು ವಾಪಸ್.”

ಬಂದ ಸರಕನ್ನು ಯಾರಾದರೂ ಬೇಡವೆಂದರೆ ಡಬ್ಬದ ಮೇಲೆ ಒತ್ತುತ್ತಿದ್ದ ಮೊಹರಿನ ಮಾತು ಅದು. ಆಕೆ ಅದನ್ನು ಎಷ್ಟು ಡಬ್ಬಗಳ ಮೇಲೆ ಒತ್ತಿದ್ದಳೋ.

“ವಾಪಸ್ ಕಳಿಸೋಕೆ ಅದಿನ್ನೂ ಹೊರಟೇ ಇಲ್ವಲ್ಲ ಅಕ್ಕ,” ಎಂದಳು ಅಮ್ಮ. “ನನ್ನ ಹೊಟ್ಟೆಯಲ್ಲೇ ಇದೆ.”

“ಅಲ್ಲೇ ಇರ್ಲಿ. ತಣ್ಣಗಿರ್ಲಿ.”

ದೊಡ್ಡಮ್ಮನ ಈ ಸ್ವಭಾವ ನಮಗೆ ಹೊಸದಲ್ಲ. ಅಜ್ಜಿ ತೀರಿಕೊಂಡಾಗ ಅಮ್ಮ ಇನ್ನೂ ಅಕ್ಷರ ಕೂಡಿಸಿ ಓದುವ ವಯಸ್ಸಿನವಳು. ದೊಡ್ಡಮ್ಮ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ತಂಗಿಗೆ ಜಡೆ ಹೆಣೆದು, ಶಾಲೆಗೆ ಬಿಟ್ಟು, ಕೌಂಟರಿಗೆ ಓಡುತ್ತಿದ್ದಳಂತೆ. ಅಂದಿನಿಂದ ಕೊಡುವುದು ಆಕೆಗೆ ಉಸಿರಾಟದಷ್ಟು ಸಹಜವಾಯಿತು. ತೆಗೆದುಕೊಳ್ಳುವುದು ಕಲಿಯದೇ ಉಳಿಯಿತು. ನನ್ನ ಮೊದಲ ಸಂಬಳದಲ್ಲಿ ಆಕೆಗೊಂದು ಶಾಲು ತಂದಿದ್ದೆ. ಅದೇ ಸಂಜೆ ನನ್ನ ಹಾಸಿಗೆಯ ಮೇಲೆ ಅದಕ್ಕಿಂತ ಮೆತ್ತಗಿನ ಶಾಲೊಂದು ಬಂದು ಕೂತಿತ್ತು. ಪಕ್ಕದ ಮನೆಯವರು ಮಳೆಯಲ್ಲಿ ಕೊಟ್ಟ ಕೊಡೆ ಮುರಿದ ಕಡ್ಡಿ ಸರಿಮಾಡಿಸಿಕೊಂಡು, ಹೊಸ ಹಿಡಿಕೆ ಹಾಕಿಸಿಕೊಂಡು ಅವರ ಮನೆ ಸೇರಿತು. ಆಕೆಯ ಕೈಗೆ ಏನನ್ನಾದರೂ ಇಟ್ಟರೆ ಅದಕ್ಕಿಂತ ತುಸು ಹೆಚ್ಚಿನದು ಹಿಂದಿರುಗಿ ಬರುತ್ತದೆ. ಇದಕ್ಕೆ ಅಪವಾದವನ್ನು ನಾನು ಕಂಡಿರಲಿಲ್ಲ.

ಕಿಡ್ನಿಗೆ ಪ್ರತಿಯಾಗಿ ಕೊಡಲು ಆಕೆಯ ಬಳಿ ಏನೂ ಇರಲಿಲ್ಲ. ಇತ್ತ ಸಮಯವೂ ಇರಲಿಲ್ಲ. ಯಂತ್ರಕ್ಕೆ ಜೋಡಿಸುವ ಎಡಗೈಯ ರಕ್ತನಾಳ ಆಗಲೇ ಎರಡು ಬಾರಿ ಕಟ್ಟಿಕೊಂಡಿತ್ತು, ಹೃದಯ ದಣಿಯತೊಡಗಿತ್ತು. ಡಾಕ್ಟರು ಅಪ್ಪನನ್ನೂ ನನ್ನನ್ನೂ ಕೋಣೆಗೆ ಕರೆದು, ಹೀಗೇ ಬಿಟ್ಟರೆ ಮುಂದಿನ ಬೇಸಿಗೆಯನ್ನು ಆಕೆ ಕಾಣುವುದು ಸಂಶಯವೆಂದು ನೇರವಾಗಿ ಹೇಳಿದ್ದರು. ಇದು ದೊಡ್ಡಮ್ಮನಿಗೂ ಗೊತ್ತಿತ್ತು. ಕೇಳಿದರೆ, “ಬೇಸಿಗೇಲಿ ಏನು ವಿಶೇಷ? ಬರೀ ಸೆಕೆ” ಎನ್ನುತ್ತಿದ್ದಳು.

ನನಗೆ ತಿಳಿದ ರೀತಿಯಲ್ಲಿ ಪ್ರಯತ್ನಿಸಿದೆ. ಕಿಡ್ನಿ ಕೊಟ್ಟವರು ಆಮೇಲೆ ಎಷ್ಟು ಆರೋಗ್ಯವಾಗಿರುತ್ತಾರೆಂಬುದನ್ನು ಗ್ರಾಫ್ ಹಾಳೆಯ ಮೇಲೆ ಎರಡು ಬಣ್ಣಗಳಲ್ಲಿ ಬರೆದು ತೋರಿಸಿದೆ. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಕೊನೆಯ ಗೆರೆಯವರೆಗೂ ನೋಡಿದಳು.

“ತುಂಬ ಚೆನ್ನಾಗಿದೆ. ನೀಲಿ ಗೆರೆ ಅಂತೂ ಮುದ್ದಾಗಿದೆ. ಗೋಡೆಗೆ ಅಂಟಿಸು.”

ಅಮ್ಮ ಪಾತ್ರೆ ಒರೆಸುತ್ತಿದ್ದಳು. ಕೈಯಲ್ಲಿದ್ದ ತಟ್ಟೆಯನ್ನು ಕಟ್ಟೆಯ ಮೇಲೆ ಟಣ್ಣೆಂದು ಇಟ್ಟಳು.

“ನನ್ನ ಜಡೆ ನೀನೇ ಹೆಣೆದೆ. ನನ್ನ ಬಟ್ಟೆ ನೀನೇ ಹೊಲಿದೆ. ನನ್ನ ಮದುವೆ ನೀನೇ ಮಾಡ್ದೆ. ಇವಳು ಹುಟ್ಟಿದಾಗ ನನ್ನ ಬಾಣಂತನ ಯಾರು ಮಾಡಿದ್ದು? ಅದೂ ನೀನೇ. ಕೊಡೋ ಸಂತೋಷನೆಲ್ಲ ಒಬ್ಬಳೇ ಬಾಚ್ಕೊಂಡೆ. ನನಗೇಂತ ಒಂದು ಚೂರಾದ್ರೂ ಬಿಟ್ಟಿದ್ಯಾ? ಆಸೆಬುರುಕಿ!”

ದೊಡ್ಡಮ್ಮನನ್ನು ಆಸೆಬುರುಕಿ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಆಕೆ ದನಿ ತಗ್ಗಿಸಿ, “ಪುಟ್ಟಿ, ಜಡೆ ಸರಿ ಬರದೇ ಇದ್ರೆ ಬಿಚ್ಚಿ ಮತ್ತೆ ಹೆಣೀಬಹುದು. ನಿನ್ನ ಹೊಟ್ಟೆ ಕೊಯ್ದು ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ನಾನು ಯಾರಿಗೆ ಮುಖ ತೋರಿಸ್ಲಿ?” ಎಂದಳು.

“ಕೊಯ್ದೋರೇ ಹೊಲೀತಾರೆ!”

“ಸರಿ, ಸಮಿತಿ ಮುಂದೆ ಬರ್ತೀನಿ. ಬೇಡ ಅಂತ ಅವರೆದುರಿಗೇ ಹೇಳಿ ಬರ್ತೀನಿ. ಆಮೇಲೆ ಈ ಮನೇಲಿ ಈ ಮಾತು ಯಾರೂ ಎತ್ತಕೂಡದು. ಗೊತ್ತಾಯ್ತಾ? ಸ್ಕೇಲು, ನಿನಗೂ ಸೇರಿಸಿ ಹೇಳಿದ್ದು.”

ಕೊಡುವವರಾಗಲಿ ಪಡೆಯುವವರಾಗಲಿ ಸಮಿತಿಯ ಮುಂದೆ ಬೇಡವೆಂದರೆ ಅಲ್ಲಿಗೆ ಕಡತ ಮುಚ್ಚುತ್ತದೆ. ಮತ್ತೆ ತೆರೆಯುವುದು ಸುಲಭವಲ್ಲ. ಇದನ್ನು ಅಮ್ಮನಿಗೆ ಹೇಳಿದ್ದು ನಾನೇ. ಅಂದಿನಿಂದ ಸಮಿತಿಯ ದಿನದವರೆಗೆ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ.

ಸಮಿತಿ ಸೇರುವುದು ಆಸ್ಪತ್ರೆಯ ಮೇಲಂತಸ್ತಿನ ಒಂದು ಕೋಣೆಯಲ್ಲಿ. ಹೊರಗೆ ಹಸಿರು ಬಣ್ಣದ ಉದ್ದ ಬೆಂಚು, ನೀರಿನ ಫಿಲ್ಟರು, ಬಾಗಿಲ ಪಕ್ಕ ಸ್ಟೂಲಿನ ಮೇಲೆ ಅಟೆಂಡರು. ಅಪ್ಪನಿಗೆ ರಜೆ ಸಿಕ್ಕಿರಲಿಲ್ಲ. ನಾನು ಪ್ರಯೋಗಾಲಯದಿಂದ ಅನುಮತಿ ಪಡೆದು ಬಂದು ಇಬ್ಬರ ನಡುವೆ ಕುಳಿತೆ. ದೊಡ್ಡಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು, ಕೌಂಟರಿಗೆ ಹೊರಟವಳಂತೆ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದಳು. ಅಮ್ಮ ಕರವಸ್ತ್ರವನ್ನು ಹಿಂಡುತ್ತಿದ್ದಳು.

ಅಟೆಂಡರು ಬಾಗಿಲು ತೆರೆದು, “ಅಕ್ಕ-ತಂಗಿ ಕೇಸಿನೋರು. ಒಬ್ಬೊಬ್ಬರೇ ಬನ್ನಿ” ಎಂದ.

ಸಮಿತಿಯವರು ಯಾವಾಗಲೂ ಮೊದಲು ಕೊಡುವವರನ್ನೇ ಮಾತಾಡಿಸುತ್ತಾರೆ. ಎಲ್ಲರಿಗೂ ಗೊತ್ತಿರುವ ಕ್ರಮವೆಂದು ಅಟೆಂಡರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಮನೆಯ ಕ್ರಮ ಬೇರೆ. ಶಾಲೆಗೆ ಸೇರಿಸುವಾಗ, ಮನೆ ಬಾಡಿಗೆಗೆ ಹಿಡಿಯುವಾಗ, ಡಾಕ್ಟರರ ಬಳಿ ಹೋಗುವಾಗ, ಅಕ್ಕ-ತಂಗಿಯರಲ್ಲಿ ಮೊದಲು ಬಾಗಿಲು ದಾಟುವವಳು ದೊಡ್ಡಮ್ಮ. ಆಕೆ ಎದ್ದಳು, ನೆರಿಗೆ ಸರಿಮಾಡಿಕೊಂಡಳು, ಒಳಗೆ ಹೋದಳು. ಅದರಲ್ಲಿ ತಪ್ಪಿದೆಯೆಂದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ.

ತಳ್ಳುಗಾಡಿಗಳ ಗಡಗಡ ಸದ್ದನ್ನು ಮೀರಿಸಿ ಹೆಸರು ಕೂಗಿ ಪಳಗಿದ ದನಿ ದೊಡ್ಡಮ್ಮನದು. ಮುಚ್ಚಿದ ಬಾಗಿಲು ಅದಕ್ಕೆ ಲೆಕ್ಕಕ್ಕಿಲ್ಲ. ಸಮಿತಿಯ ಅಧ್ಯಕ್ಷೆಯ ಪ್ರಶ್ನೆಗಳು ಗುಣುಗುಣು ಎಂದಷ್ಟೇ ಕೇಳಿಸಿದವು. ಆದರೆ ಅವು ಯಾವುವು, ಯಾವ ಕ್ರಮದಲ್ಲಿ ಬರುತ್ತವೆ ಎಂಬುದು ನನಗೆ ಬಾಯಿಪಾಠ. ಕೊಡುವುದು ನಿಮ್ಮ ಸ್ವಂತ ಇಚ್ಛೆಯೇ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂಬುದು ಮೊದಲನೆಯದು.

“ಒತ್ತಾಯಾನಾ?” ದೊಡ್ಡಮ್ಮನ ದನಿ ಕಾರಿಡಾರಿನ ತುದಿ ಮುಟ್ಟಿತು. “ಅವಳಿಗೆ ಕೊಡೋಕೆ ನನಗೆ ಯಾರಾದ್ರೂ ಹೇಳ್ಬೇಕಾ? ಒಡಹುಟ್ಟಿದೋಳು ಮೇಡಂ!”

ನಾನು ಧಡಕ್ಕನೆ ಎದ್ದೆ. ಅದು ಅಮ್ಮನಿಗೆ ಕೇಳಬೇಕಾದ ಪ್ರಶ್ನೆ. ಬಾಗಿಲು ತಟ್ಟಲು ಕೈ ಎತ್ತಿದಾಗ ಅಮ್ಮ ನನ್ನ ಮಣಿಕಟ್ಟು ಹಿಡಿದಳು.

“ಕೂತ್ಕೋ.”

“ಅಮ್ಮ, ಅವರು ತಪ್ಪಾಗಿ...”

“ಗೊತ್ತು. ಅವಳು ಮಾತಾಡ್ಲಿ. ಕೂತ್ಕೋ.”

ಎರಡನೆಯದು ಶಸ್ತ್ರಚಿಕಿತ್ಸೆಯ ಅಪಾಯದ ಬಗ್ಗೆ.

“ಎಲ್ಲ ಗೊತ್ತು. ನಮ್ಮ ಹುಡುಗಿ ಗ್ರಾಫ್ ಬರೆದು ತೋರಿಸಿದ್ದಾಳೆ. ಹೆದರಿಕೆ ಯಾಕೆ? ಕೊಯ್ತೀರಿ, ಹೊಲೀತೀರಿ.”

ಅಮ್ಮ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಅಟೆಂಡರು ನಮ್ಮ ಕಡೆಗೊಮ್ಮೆ, ಬಾಗಿಲ ಕಡೆಗೊಮ್ಮೆ ನೋಡಿದ.

ಮೂರನೆಯದು, ಕೊಟ್ಟ ಕಿಡ್ನಿ ಕೆಲಸ ಮಾಡದೇ ಹೋದರೆ ನಿಮಗೆ ಬೇಸರವಾಗುತ್ತದೆಯೇ ಎಂಬುದು.

“ಕೊಟ್ಟಮೇಲೆ ಅದು ಅವಳದು. ನನ್ನ ಲೆಕ್ಕ ಮುಗೀತು. ಕೊಡೋದು ಕೊಟ್ಟೆ ಅನ್ನೋ ಸಮಾಧಾನನ ಯಾರು ಕಿತ್ಕೊಳ್ತಾರೆ?”

ಕೊನೆಯ ಪ್ರಶ್ನೆಯನ್ನು ಸಮಿತಿ ಈಚೆಗಷ್ಟೇ ಸೇರಿಸಿತ್ತು: ಅವರು ಬೇಡವೆಂದರೆ ಏನು ಮಾಡುತ್ತೀರಿ?

“ಬೇಡ ಅನ್ನೋಕೆ ಅವಳ್ಯಾರು? ಕೊಡೋಳು ಇಷ್ಟಪಟ್ಟು ಕೊಡ್ತಿರುವಾಗ ಬೇಡ ಅಂದ್ರೆ ಎಷ್ಟು ಸೊಕ್ಕಿರ್ಬೇಕು ಅವಳಿಗೆ...”

ದನಿ ಅಲ್ಲಿಗೇ ನಿಂತಿತು. ಬಳಿಕ ಅಧ್ಯಕ್ಷೆಯ ಗುಣುಗುಣು, ಕಾಗದ ಮಗುಚುವ ಸದ್ದು, ಕುರ್ಚಿ ಸರಿದದ್ದು ಒಂದರ ಹಿಂದೊಂದು ಕೇಳಿಸಿದವು. ಬಾಗಿಲು ತೆರೆಯಿತು. ಕನ್ನಡಕವನ್ನು ನೆತ್ತಿಗೇರಿಸಿಕೊಂಡ ಅಧ್ಯಕ್ಷೆಯೇ ಹೊರಗೆ ಬಂದರು.

“ಇಲ್ಲಿ ಕೊಡೋರು ಯಾರು?”

ಅಮ್ಮ ತರಗತಿಯಲ್ಲಿ ಎತ್ತಿದಂತೆ ಕೈ ಎತ್ತಿದಳು.

“ಹಾಗಾದ್ರೆ ಇಷ್ಟು ಹೊತ್ತು ನನ್ನ ಹತ್ತಿರ ಮಾತಾಡಿದ್ದು ಯಾರು?”

“ನಮ್ಮಕ್ಕ ಮೇಡಂ. ಅವಳೇ ತಗೊಳ್ಳೋಳು. ಅವಳಿಗೆ ಕೊಟ್ಟೇ ಅಭ್ಯಾಸ, ತಪ್ಪು ತಿಳ್ಕೋಬೇಡಿ.”

ಅಧ್ಯಕ್ಷೆ ನಗು ತಡೆದುಕೊಂಡು ಮುಖ ಬಿಗಿದರು. ಬರೆದುಕೊಂಡದ್ದನ್ನೆಲ್ಲ ಹೊಡೆದುಹಾಕಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ, ಗುರುತಿನ ಚೀಟಿಯನ್ನು ಇನ್ನು ಮೇಲೆ ಮೊದಲೇ ನೋಡಬೇಕು ಎಂದು ಅಟೆಂಡರನನ್ನು ಗದರಿದರು. ಅಮ್ಮನನ್ನು ಒಳಗೆ ಕರೆದೊಯ್ದರು.

ದೊಡ್ಡಮ್ಮ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಮುಖ ಕೆಂಪಾಗಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

“ಏನಾಯ್ತು ದೊಡ್ಡಮ್ಮ? ಬೇಡ ಅಂತ ಹೇಳೋಕೆ ಅಲ್ವಾ ಹೋಗಿದ್ದು?”

“ಹೌದು ಕಣೇ. ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಆ ಮೇಡಂ, ಕೊಡ್ತೀರಾ ಅಂದ್ರು. ನಾನು ಏನಂತ ಹೇಳ್ಲಿ? ಆ ಪ್ರಶ್ನೆಗೆ ನನಗೆ ಬೇರೆ ಉತ್ತರಾನೇ ಗೊತ್ತಿಲ್ಲ.” ಆಕೆ ಬಾಗಿಲ ಕಡೆ ನೋಡಿದಳು. “ಒಂದು ಗಳಿಗೆ ನಿಜವಾಗ್ಲೂ ನಾನೇ ಕೊಡ್ತಿದ್ದೀನಿ ಅನ್ನಿಸಿಬಿಡ್ತು ಸ್ಕೇಲು. ಎಷ್ಟು ಹಗುರ ಆಯ್ತು ಗೊತ್ತಾ. ಈ ಕೈನೋವು ಕೂಡ ನೆನಪಾಗ್ಲಿಲ್ಲ. ಹೆದರಿಕೆ ಅನ್ನೋದೇ ಇರ್ಲಿಲ್ಲ.”

ಆಕೆಯ ಬೆರಳಿಗೆ ಸುತ್ತಿದ್ದ ಸೆರಗನ್ನು ನಾನು ಬಿಡಿಸಿದೆ.

“ಅವಳಿಗೂ ಈಗ ಒಳಗೆ ಹಾಗೇ ಅನ್ನಿಸ್ತಿದೆಯೇನೋ ಅಲ್ವಾ?”

“ಅನ್ನಿಸ್ತಿರಬಹುದು.”

“ಬಹುದು ಏನು? ಸರಿಯಾಗಿ ಹೇಳು.”

ಅಳೆಯಲಾಗದ ವಿಷಯದಲ್ಲಿ ಖಚಿತವಾಗಿ ಮಾತಾಡುವುದು ನನ್ನ ಅಭ್ಯಾಸವಲ್ಲ. ಆದರೂ ಹೇಳಿದೆ: “ಅನ್ನಿಸ್ತಿದೆ ದೊಡ್ಡಮ್ಮ.”

ಅಮ್ಮ ಹೊರಗೆ ಬಂದಾಗ ಅವಳ ಮೂಗಿನ ತುದಿ ಕೆಂಪಾಗಿತ್ತು, ಆದರೆ ಮುಖದಲ್ಲಿ ಕಳೆಯಿತ್ತು.

“ಅಷ್ಟು ಹೊತ್ತು ಏನೇ ಹೇಳ್ದೆ?” ದೊಡ್ಡಮ್ಮ ಕೇಳಿದಳು.

“ನೀನು ಹೇಳಿದ್ದನ್ನೇ. ಇಲ್ಲಿಗೆಲ್ಲ ಕೇಳಿಸ್ತಿತ್ತಲ್ಲ, ಕಾಪಿ ಹೊಡೆದೆ.”

“ಶಾಲೇಲೂ ಇವಳದ್ದು ಇದೇ ಕಥೆ,” ದೊಡ್ಡಮ್ಮ ನನಗೆ ಹೇಳಿದಳು. ಅಟೆಂಡರು ಈ ಬಾರಿ ಗುರುತಿನ ಚೀಟಿಯನ್ನು ಎರಡು ಸಲ ನೋಡಿ, “ತಗೊಳ್ಳೋರು ನೀವೇ ತಾನೇ?” ಎಂದ. ಆಕೆ ತಲೆಯಾಡಿಸಿ ಒಳಗೆ ಹೋದಳು.

ಈ ಬಾರಿ ಏನೂ ಕೇಳಿಸಲಿಲ್ಲ. ಆ ದನಿ ಇಷ್ಟು ಮೆತ್ತಗಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಅಮ್ಮ ಬಾಗಿಲಿಗೆ ಕಿವಿಗೊಡಲು ಬೆಂಚಿನ ತುದಿಗೆ ಸರಿದಳು. ಅಟೆಂಡರು ಕೆಕ್ಕರಿಸಿ ನೋಡಿದ್ದರಿಂದ ಹಿಂದೆ ಸರಿದಳು. ಅವಳ ಕೈ ತಣ್ಣಗಾಗಿತ್ತು. ಹಿಡಿದುಕೊಂಡೆ.

ದೊಡ್ಡಮ್ಮ ಹೊರಗೆ ಬಂದು ನಮ್ಮೆದುರು ನಿಂತಳು. ಕೂರಲಿಲ್ಲ. ಬಲಗೈ ಹೆಬ್ಬೆರಳಿಗೆ ಮಸಿ ಹತ್ತಿತ್ತು. ಸಹಿಯ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿದವರಿಂದ ಮಾತ್ರ. ನಾನದನ್ನು ನೋಡಿದೆ. ಅಮ್ಮ ಅಕ್ಕನ ಮುಖವನ್ನಷ್ಟೇ ನೋಡುತ್ತಿದ್ದಳು.

“ಪುಟ್ಟಿ, ತಗೋತೀನಿ ಕಣೇ. ಕೊಡು.”

ಆ ಕೊನೆಯ ಮಾತು ದೊಡ್ಡಮ್ಮನ ಬಾಯಿಂದ ಬಂದುದನ್ನು ನಾನು ಕೇಳಿದ್ದು ಅದೇ ಮೊದಲು.

“ಈಗ್ಲೇನಾ? ಈ ಕಾರಿಡಾರಿನಲ್ಲೇನಾ?” ಎಂದಳು ಅಮ್ಮ. ಇಬ್ಬರೂ ನಕ್ಕರು, ಅತ್ತರು, ಮತ್ತೆ ನಕ್ಕರು. ಅಟೆಂಡರು ಎದ್ದುಹೋಗಿ ಫಿಲ್ಟರಿನಿಂದ ಲೋಟದಲ್ಲಿ ನೀರು ತಂದು ಕೊಟ್ಟ. ದೊಡ್ಡಮ್ಮ ಅದನ್ನು ಕುಡಿದು ಲೋಟ ಹಿಂದಿರುಗಿಸಿದಳು. ಬರಿಯ ಲೋಟ.

ಚಳಿ ಬಲಿಯುವ ಮುನ್ನ, ಅಕ್ಕಪಕ್ಕದ ಎರಡು ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ, ಮೊದಲು ಅಮ್ಮನಿಗೆ, ಬೆನ್ನಿಗೇ ದೊಡ್ಡಮ್ಮನಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಅಪ್ಪ ಕಾಯುವ ಕೋಣೆಯಲ್ಲಿ ಕೂತಲ್ಲಿ ಕೂರಲಿಲ್ಲ. ಹೊಸ ಕಿಡ್ನಿ ಕೆಲಸ ಶುರುಮಾಡಿತೆಂದು ಸುದ್ದಿ ಬಂದಾಗ ಗೋಡೆಗೆ ಒರಗಿ, “ಅತ್ತಿಗೆ ಯಾವತ್ತೂ ತಡ ಮಾಡೋರಲ್ಲ” ಎಂದರು.

ವಾರ್ಡಿನಲ್ಲಿ ದಾದಿಯರು ಆಕೆಯನ್ನು ‘ರೆಸಿಪಿಯೆಂಟ್ ಅಮ್ಮ’ ಎಂದೇ ಕರೆಯತೊಡಗಿದರು. ಮೊದಲ ದಿನ ದೊಡ್ಡಮ್ಮ ಓಗೊಡಲಿಲ್ಲ. ಎರಡನೆಯ ದಿನ ಒಂದು ಹುಬ್ಬೇರಿಸಿದಳು. ಮೂರನೆಯ ದಿನ ದಾದಿ ಹೆಚ್ಚುವರಿ ದಿಂಬೊಂದನ್ನು ತಂದಾಗ, ತಾನೇ ತಲೆ ಎತ್ತಿ ಜಾಗ ಮಾಡಿಕೊಟ್ಟು, “ಇನ್ನೊಂದು ಚೂರು ಮೇಲಕ್ಕೆ ಇಡಮ್ಮ” ಎಂದು ಕೇಳಿ ಇಡಿಸಿಕೊಂಡಳು. ಗಾಜಿನ ಆಚೆ ನಿಂತಿದ್ದ ಅಮ್ಮ ಹೊಲಿಗೆಯ ಮೇಲೆ ಕೈ ಒತ್ತಿಕೊಂಡು, ನೋವಾಗದಂತೆ ನಕ್ಕಳು.

ಶಸ್ತ್ರಚಿಕಿತ್ಸೆಯ ಬಳಿಕದ ಮೊದಲ ಬೇಸಿಗೆಯಲ್ಲಿ ಇಬ್ಬರ ರಕ್ತವನ್ನೂ ಒಂದೇ ಬೆಳಿಗ್ಗೆ ಪರೀಕ್ಷೆಗೆ ಕೊಟ್ಟರು. ಕಿಡ್ನಿ ಚೆನ್ನಾಗಿ ಕೆಲಸ ಮಾಡಿದಷ್ಟೂ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಕಡಿಮೆಯಿರುತ್ತದೆ. ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಅಳತೆಯ ದೋಷದ ಮಿತಿಯೊಳಗೆ ಇಬ್ಬರ ಪ್ರಮಾಣವೂ ಒಂದೇ ಇದೆ. ಕೊಟ್ಟವರು ಯಾರು, ಪಡೆದವರು ಯಾರು ಎಂದು ಈ ಅಂಕಿಗಳಿಂದ ಹೇಳಲಾಗದು.